ಜಿನಾಲಯಗಳ ಪಾಲನೆ: ಇತಿಹಾಸದ ಬೆಳಕಿನಲ್ಲಿ

ಶ್ರವಣಬೆಳಗೊಳದ ವಿಂಧ್ಯಗಿರಿಯನ್ನೇರಿ ಗೊಮ್ಮಟಸ್ವಾಮಿಯ ದರ್ಶನ ಪಡೆಯುವ ಯಾತ್ರಿಕರ ದೃಷ್ಟಿ ಸಹಜವಾಗಿಯೇ ಮೇಲ್ಮುಖವಾಗಿರುತ್ತದೆ. ಆ ಭವ್ಯಮೂರ್ತಿಯ ಪಾದಗಳ ಇಕ್ಕೆಲದಲ್ಲಿ ಕೊರೆದಿರುವ, ಕೆಲವೇ ಅಕ್ಷರಗಳ ಕಿರುಶಾಸನಗಳನ್ನು ನಿಂತು ಗಮನಿಸುವವರು ವಿರಳ. ಮೂರ್ತಿಯನ್ನು ಮಾಡಿಸಿದವನು ಚಾವುಂಡರಾಯನೆಂದು ಅಲ್ಲಿ ಬರೆದಿದೆ. ಅದರ ಜೊತೆಯಲ್ಲಿಯೇ ಸುತ್ತಾಲಯವನ್ನು ಮಾಡಿಸಿದವನು ಗಂಗರಾಜನೆಂದೂ ಬರೆದಿದೆ. ಚಾವುಂಡರಾಯನು ಹತ್ತನೆಯ ಶತಮಾನದ ಕೊನೆಯ ಭಾಗದವನು, ಗಂಗ ಅರಸರ ಮಂತ್ರಿ. ಗಂಗರಾಜನು ಹನ್ನೆರಡನೆಯ ಶತಮಾನದ ಆದಿಭಾಗದವನು, ಹೊಯ್ಸಳ ವಿಷ್ಣುವರ್ಧನನ ದಂಡನಾಯಕ. ಇಬ್ಬರ ನಡುವೆ ಒಂದು ಶತಮಾನಕ್ಕೂ ಮಿಗಿಲಾದ ಅಂತರವುಂಟು. ಆದರೂ ಸ್ವಾಮಿಯ ಪಾದಮೂಲದಲ್ಲಿ, ನಿರ್ಮಿಸಿದವನ ಹೆಸರಿಗೆ ದೊರೆತ ಸ್ಥಾನವೇ ಆವರಣವನ್ನು ಕಟ್ಟಿಸಿ ಕಾಪಾಡಿದವನ ಹೆಸರಿಗೂ ದೊರೆತಿದೆ.

ಇದು ಆ ಕಾಲದ ಮನೋಧರ್ಮಕ್ಕೆ ಅನುಗುಣವಾದುದೇ ಸರಿ. ಕನ್ನಡ ನಾಡಿನ ದಾನಶಾಸನಗಳನ್ನು ಓದಿದವರಿಗೆ ಅವುಗಳ ಕೊನೆಯಲ್ಲಿ ಬರುವ ಫಲಶ್ರುತಿಯ ಶ್ಲೋಕಗಳು ಪರಿಚಿತ. ದಾನ ಮತ್ತು ಪಾಲನೆ ಇವೆರಡರಲ್ಲಿ ಪಾಲನೆಯೇ ಶ್ರೇಷ್ಠವೆಂಬುದು ಅವುಗಳಲ್ಲಿ ಒಂದರ ತಾತ್ಪರ್ಯ. ತಾನು ಕೊಟ್ಟುದಾಗಲಿ ಪರರು ಕೊಟ್ಟುದಾಗಲಿ, ಧರ್ಮದ ಸ್ವತ್ತನ್ನು ಅಪಹರಿಸಿದವನಿಗೆ ಘೋರವಾದ ಗತಿ ತಪ್ಪದೆಂಬುದು ಮತ್ತೊಂದರ ತಾತ್ಪರ್ಯ. ಬಸದಿಯನ್ನು ಕಟ್ಟಿಸಿ, ಭೂಮಿಯನ್ನು ಬಿಟ್ಟು, ಕಲ್ಲಿನಲ್ಲಿ ಬರೆಸಿದ ಹಿರಿಯರಿಗೆ ಒಂದು ಸತ್ಯ ತಿಳಿದಿತ್ತು. ಕಟ್ಟುವುದು ಒಂದು ತಲೆಮಾರಿನ ಕಾರ್ಯ. ಕಾಯುವುದು ಮುಂದಿನ ಎಲ್ಲ ತಲೆಮಾರುಗಳ ಕಾರ್ಯ. ನೂತನ ಬಿಂಬಕ್ಕೆ ಪಂಚಕಲ್ಯಾಣ ವಿಧಿಗಳು ಜರುಗುವ ಮಂಗಳ ಸಂದರ್ಭದಲ್ಲಿ, ಈ ಎರಡನೆಯ ಕಾರ್ಯದ ಇತಿಹಾಸವನ್ನು ಸ್ಮರಿಸುವುದು ಉಚಿತವಾದುದು.

ಬುಕ್ಕರಾಯನ ಶಾಸನ ಮತ್ತು ಇಪ್ಪತ್ತು ಮಂದಿ ಕಾವಲುಗಾರರು

ಜೈನ ಕ್ಷೇತ್ರವೊಂದರ ರಕ್ಷಣೆಗೆ ನಾಡಿನಾದ್ಯಂತ ಹಣವೆತ್ತಿ ಕಾವಲನ್ನು ಏರ್ಪಡಿಸಿದ ವಿಷಯ ಕ್ರಿ.ಶ. 1368ರ ಶಾಸನದಲ್ಲಿ ದೊರೆಯುತ್ತದೆ. ವಿಜಯನಗರದ ಒಂದನೆಯ ಬುಕ್ಕರಾಯನ ಕಾಲದ ಈ ಶಾಸನ ಶ್ರವಣಬೆಳಗೊಳದ ಭಂಡಾರಿ ಬಸದಿಯಲ್ಲಿದೆ. ಮಾಗಡಿ ಸೀಮೆಯ ಕಲ್ಯದಲ್ಲಿಯೂ ಇದೇ ವಿಷಯದ ಶಾಸನವಿದೆ. ಜೈನರಿಗೂ ಶ್ರೀವೈಷ್ಣವರಿಗೂ ವಿವಾದ ಹುಟ್ಟಿ, ಆನೆಗೊಂದಿ, ಹೊಸಪಟ್ಟಣ, ಪೆನುಗೊಂಡೆ, ಕಲ್ಲೇಹ ಮೊದಲಾದ ಸ್ಥಳಗಳ ಭವ್ಯಜನರು ತಮಗಾದ ಅನ್ಯಾಯವನ್ನು ಅರಸನಲ್ಲಿ ಬಿನ್ನವಿಸಿಕೊಂಡರು. ಅರಸನು ಶ್ರೀರಂಗ, ತಿರುಪತಿ, ಕಂಚಿ, ಮೇಲುಕೋಟೆ ಮೊದಲಾದ ಕ್ಷೇತ್ರಗಳ ಆಚಾರ್ಯರನ್ನೂ ಸಮಯಪ್ರಮುಖರನ್ನೂ ಎದುರಿಗಿಟ್ಟುಕೊಂಡು, ಜೈನರ ಕೈಯನ್ನು ಹಿಡಿದು ವೈಷ್ಣವರ ಕೈಯಲ್ಲಿಟ್ಟು, ಎರಡು ದರ್ಶನಗಳಿಗೂ ಭೇದವಿಲ್ಲವೆಂದು ತೀರ್ಪಿತ್ತನು.

ಈ ತೀರ್ಪಿನ ಸಮನ್ವಯಭಾವವನ್ನು ಇತಿಹಾಸಕಾರರು ಕೊಂಡಾಡುತ್ತಲೇ ಬಂದಿದ್ದಾರೆ. ಆದರೆ ಅದರ ಉತ್ತರಾರ್ಧದತ್ತ ಹೋಗಬೇಕಾದಷ್ಟು ಗಮನ ಹೋಗಿಲ್ಲ. ರಾಜ್ಯದ ಜೈನರ ಮನೆಗಳಿಂದ ಮನೆಯೊಂದಕ್ಕೆ ವರ್ಷಕ್ಕೆ ಒಂದು ಹಣದಂತೆ ಎತ್ತಬೇಕು. ಆ ಹಣದಿಂದ ಬೆಳಗೊಳದ ದೇವರಿಗೆ ಇಪ್ಪತ್ತು ಮಂದಿಯನ್ನು ಅಂಗರಕ್ಷೆಗೆ ನೇಮಿಸಬೇಕು. ಮಿಕ್ಕ ಹಣದಿಂದ ಜೀರ್ಣವಾದ ಜಿನಾಲಯಗಳಿಗೆ ಸುಣ್ಣವನ್ನಿಕ್ಕಿಸಬೇಕು. ಇದು ಅಲ್ಲಿ ಆದ ಏರ್ಪಾಡು. ಈ ಹೊಣೆಯನ್ನು ಹೊತ್ತವನು ತಿರುಮಲೆಯ ತಾತಯ್ಯ. ಕಾವಲನ್ನು ನೇಮಿಸುವವರು ವೈಷ್ಣವರು. ಈ ಕಟ್ಟಳೆಗೆ ತಪ್ಪಿದವನನ್ನು ರಾಜದ್ರೋಹಿ, ಸಂಘದ್ರೋಹಿ, ಸಮುದಾಯದ್ರೋಹಿ ಎಂದು ಶಾಸನ ಹೆಸರಿಸುತ್ತದೆ.

ಇಲ್ಲಿ ಮೂರು ಅಂಶಗಳು ವಿಚಾರಾರ್ಹವಾಗಿವೆ. ಮೊದಲನೆಯದು, ಕ್ಷೇತ್ರ ಒಂದೂರಿನದಾದರೂ ಅದರ ರಕ್ಷಣೆಯ ವೆಚ್ಚ ನಾಡಿನ ಜೈನರೆಲ್ಲರದು. ಬಡವನ ಮನೆಯಿಂದಲೂ ಸಿರಿವಂತನ ಮನೆಯಿಂದಲೂ ಒಂದೇ ಹಣ. ಎರಡನೆಯದು, ಕಾವಲು ಮತ್ತು ಜೀರ್ಣೋದ್ಧಾರಗಳು ಬೇರೆ ಬೇರೆ ಲೆಕ್ಕಗಳಲ್ಲ. ಒಂದೇ ನಿಧಿಯ ಎರಡು ವಿನಿಯೋಗಗಳು. ಮೂರನೆಯದು, ಜಿನಬಿಂಬದ ರಕ್ಷಣೆಗೆ ನೆರೆಯ ಧರ್ಮದವರ ಕೈಯೂ ಸೇರಿತ್ತು. ಕಳವಿನ ಭಯ, ಜೀರ್ಣತೆಯ ಭಯ, ಉಪೇಕ್ಷೆಯ ಭಯ ಈ ಮೂರಕ್ಕೂ 1368ರಲ್ಲಿಯೇ ಹಿರಿಯರು ಉತ್ತರವನ್ನು ಕಂಡುಕೊಂಡಿದ್ದರು.

ಕಳ್ಳರಿಲ್ಲದೆ ಆದ ನಷ್ಟ

ಪರಂಪರೆಯ ನಾಶವೆಂದೊಡನೆ ಕಳ್ಳರು, ದಾಳಿಕಾರರು ನೆನಪಿಗೆ ಬರುತ್ತಾರೆ. ಯಾರೂ ಕದಿಯದೆ, ಯಾರೂ ಒಡೆಯದೆ ಕಳೆದುಹೋದ ಸಂಪತ್ತು ಅದಕ್ಕಿಂತ ಕಡಿಮೆಯದಲ್ಲ. ಕನ್ನಡದ ಜೈನ ಕವಿಗಳ ಕೃತಿಗಳನ್ನೇ ನೋಡಬಹುದು. ಅಸಗನ ಕರ್ಣಾಟಕ ಕುಮಾರಸಂಭವ ಇಂದು ಇಲ್ಲ. ಒಂದನೆಯ ಗುಣವರ್ಮನ ಶೂದ್ರಕ, ಹರಿವಂಶಗಳು ಇಲ್ಲ. ರನ್ನನ ಪರಶುರಾಮಚರಿತ, ಚಕ್ರೇಶ್ವರಚರಿತಗಳು ಇಲ್ಲ. ಮಲ್ಲಿಕಾರ್ಜುನನ ಸೂಕ್ತಿಸುಧಾರ್ಣವ, ಕೇಶಿರಾಜನ ಶಬ್ದಮಣಿದರ್ಪಣ ಮುಂತಾದ ಗ್ರಂಥಗಳಲ್ಲಿ ಉದಾಹೃತವಾದ ಬಿಡಿ ಪದ್ಯಗಳಿಂದ ಮಾತ್ರ ಇಂತಹ ಲುಪ್ತ ಕಾವ್ಯಗಳ ಸೊಗಸನ್ನು ಊಹಿಸಬೇಕಾಗಿದೆ.

ಕವಿಚಕ್ರವರ್ತಿ ಪೊನ್ನನ ವಿಷಯವಂತೂ ಕಣ್ತೆರೆಸುವಂತಹುದು. ಅವನ ಶಾಂತಿಪುರಾಣ ಉಳಿದಿದೆ, ಭುವನೈಕರಾಮಾಭ್ಯುದಯ ಉಳಿದಿಲ್ಲ. ದಾನಚಿಂತಾಮಣಿ ಅತ್ತಿಮಬ್ಬೆ ಶಾಂತಿಪುರಾಣದ ಸಾವಿರ ಪ್ರತಿಗಳನ್ನು ಬರೆಯಿಸಿ ಹಂಚಿದಳೆಂಬುದು ಪ್ರಸಿದ್ಧವಾದ ಸಂಗತಿ. ಸಾವಿರದ ಐನೂರು ಜಿನಬಿಂಬಗಳನ್ನು ಮಾಡಿಸಿ, ಲಕ್ಕುಂಡಿಯಲ್ಲಿ ಜಿನಾಲಯವನ್ನು ಕಟ್ಟಿಸಿದ ಆ ಸಾಧ್ವಿ, ಓಲೆಯ ಕಟ್ಟುಗಳೂ ಬಿಂಬಗಳಷ್ಟೇ ಪಾಲನೆಗೆ ಯೋಗ್ಯವೆಂದು ಭಾವಿಸಿದಳು. ಮುದ್ರಣಯಂತ್ರವಿಲ್ಲದ ಕಾಲದಲ್ಲಿ ಒಂದು ಕಾವ್ಯವನ್ನು ಸಾವಿರ ಮನೆಗಳಿಗೆ, ಬಸದಿಗಳಿಗೆ ಮುಟ್ಟಿಸುವುದೆಂದರೆ ಅದಕ್ಕೆ ಸಾವಿರ ಕಾವಲುಗಾರರನ್ನು ನೇಮಿಸಿದಂತೆ. ಒಂದೆಡೆ ಬೆಂಕಿ ಬಿದ್ದರೂ, ಇನ್ನೊಂದೆಡೆ ಗೆದ್ದಲು ಹಿಡಿದರೂ, ಮತ್ತೊಂದೆಡೆ ಒಂದು ಪ್ರತಿ ಉಳಿದೀತು.

ಸಿದ್ಧಾಂತ ಗ್ರಂಥಗಳ ಇತಿಹಾಸ ಇದೇ ಪಾಠವನ್ನು ಇನ್ನೊಂದು ಬಗೆಯಿಂದ ಹೇಳುತ್ತದೆ. ಪುಷ್ಪದಂತ ಭೂತಬಲಿ ಆಚಾರ್ಯರ ಷಟ್ಖಂಡಾಗಮ, ಅದಕ್ಕೆ ವೀರಸೇನಾಚಾರ್ಯರು ಕ್ರಿ.ಶ. 816ರಲ್ಲಿ ಪೂರೈಸಿದ ಧವಲಾ ಟೀಕೆ, ಜಯಧವಲ, ಮಹಾಬಂಧ ಇವುಗಳ ಪ್ರಾಚೀನ ತಾಡಪತ್ರ ಪ್ರತಿಗಳು ಮೂಡುಬಿದಿರೆಯ ಸಿದ್ಧಾಂತ ಬಸದಿಯಲ್ಲಿ ಉಳಿದುಬಂದುವು. ಶ್ರವಣಬೆಳಗೊಳದಿಂದ ಸುರಕ್ಷಿತ ಸ್ಥಳವೆಂದು ಅವನ್ನು ಅಲ್ಲಿಗೆ ಸಾಗಿಸಲಾಯಿತೆಂಬುದು ಪರಂಪರೆಯ ಹೇಳಿಕೆ. ಶತಮಾನಗಳ ಕಾಲ ಅವುಗಳಿಗೆ ದರ್ಶನವಿತ್ತೇ ಹೊರತು ಅಧ್ಯಯನವಿರಲಿಲ್ಲ. ಕಾಪಾಡಿದ ಮೂಡುಬಿದಿರೆಯ ಭಟ್ಟಾರಕ ಪರಂಪರೆಗೂ ಶ್ರಾವಕರಿಗೂ ಸಮಾಜ ಎಂದೆಂದಿಗೂ ಋಣಿ. ಆದರೆ ಬೀಗದೊಳಗೆ ಕಳ್ಳನಿಗೆ ಪ್ರವೇಶವಿಲ್ಲದಿದ್ದರೂ ಹುಳುವಿಗೆ ಪ್ರವೇಶವುಂಟು. ಓಲೆಗಳು ಜೀರ್ಣವಾಗುತ್ತ ಬಂದುವು. 1883ರಲ್ಲಿ ಮುಂಬಯಿಯ ಸೇಠ್ ಮಾಣಿಕಚಂದ್ ಪಾನಾಚಂದರು ಯಾತ್ರೆಗೆ ಬಂದು ಈ ಗ್ರಂಥಗಳನ್ನು ಕಂಡ ಮೇಲೆ ಪ್ರತಿ ಮಾಡಿಸುವ ವಿಚಾರ ಬಲಗೊಂಡಿತು. 1896ರ ಸುಮಾರಿಗೆ ಆರಂಭವಾದ ಆ ಕಾರ್ಯ ಇಪ್ಪತ್ತೈದು ವರ್ಷಗಳಷ್ಟು ನಡೆಯಿತು. 1939ರಲ್ಲಿ ಪ್ರೊ. ಹೀರಾಲಾಲ್ ಜೈನರ ಸಂಪಾದಕತ್ವದಲ್ಲಿ ಧವಲಾಸಹಿತ ಷಟ್ಖಂಡಾಗಮದ ಪ್ರಥಮ ಸಂಪುಟ ಬೆಳಕು ಕಂಡಿತು. ಕ್ರಮವಾಗಿ ಹದಿನಾರು ಸಂಪುಟಗಳು ಪೂರ್ಣಗೊಂಡುವು. ಮಹಾಬಂಧದ ಕೆಲವು ಓಲೆಗಳು ಅಷ್ಟರಲ್ಲಿ ನಷ್ಟವಾಗಿದ್ದುದರಿಂದ ಅದರ ಪಾಠದಲ್ಲಿ ತ್ರುಟಿತ ಸ್ಥಳಗಳು ಉಳಿದುವು. ಆ ಪ್ರಯತ್ನ ಇನ್ನೂ ಐವತ್ತು ವರ್ಷ ತಡವಾಗಿದ್ದರೆ ಜಿನಾಗಮದ ಈ ಮೂಲಸ್ರೋತಸ್ಸಿನ ಗತಿ ಏನಾಗುತ್ತಿತ್ತೆಂಬುದನ್ನು ಊಹಿಸುವುದೂ ಕಷ್ಟ.

ಬರೆದಿಟ್ಟವರ ಉಪಕಾರ

ಮುಚ್ಚಿಡುವುದರಿಂದ ಆಗುವ ರಕ್ಷಣೆಗೆ ಮಿತಿಯುಂಟು. ಬರೆದಿಟ್ಟು ಹಲವರಿಗೆ ತಿಳಿಸುವುದರಿಂದ ಆಗುವ ರಕ್ಷಣೆ ದೀರ್ಘಕಾಲದ್ದು. ಕರ್ನಾಟಕದ ಶಾಸನಗಳ ವಿಷಯದಲ್ಲಿ ಈ ಮಾತು ಅಕ್ಷರಶಃ ಸತ್ಯವಾಗಿದೆ. 1800ರ ಸುಮಾರಿಗೆ ಮೈಸೂರು ಸೀಮೆಯ ಮೋಜಣಿಯನ್ನು ಕೈಗೊಂಡ ಕರ್ನಲ್ ಕಾಲಿನ್ ಮೆಕೆಂಜಿಯವರು ಶಾಸನ, ಕೈಫಿಯತ್ತು, ಹಸ್ತಪ್ರತಿಗಳನ್ನು ಸಂಗ್ರಹಿಸಿದಾಗ, ಹಳಗನ್ನಡ ಶಾಸನಗಳನ್ನು ಓದಲು ಅವರಿಗೆ ನೆರವಾದವರಲ್ಲಿ ಮಲೆಯೂರಿನ ಜೈನ ಪಂಡಿತ ಧರ್ಮಯ್ಯನವರು ಒಬ್ಬರು. ಈ ನಾಡಿನ ಶಾಸನಶೋಧದ ಆರಂಭದಲ್ಲಿಯೇ ಒಬ್ಬ ಶ್ರಾವಕ ವಿದ್ವಾಂಸನ ಹೆಸರಿರುವುದು ಅಭಿಮಾನದ ಸಂಗತಿ.

ಅನಂತರ ಬಿ. ಎಲ್. ರೈಸ್ ಅವರು ಎಪಿಗ್ರಾಫಿಯ ಕರ್ಣಾಟಿಕದ ಸಂಪುಟಗಳಲ್ಲಿ ಸುಮಾರು 9,000 ಶಾಸನಗಳನ್ನು ಪ್ರಕಟಿಸಿದರು. ಶ್ರವಣಬೆಳಗೊಳದ ಸಂಪುಟ 1889ರಲ್ಲಿ ಮೊದಲು ಹೊರಬಂದಾಗ ಅದರಲ್ಲಿದ್ದ ಶಾಸನಗಳು 144. ಆರ್. ನರಸಿಂಹಾಚಾರ್ಯರು ಪರಿಷ್ಕರಿಸಿ 1923ರಲ್ಲಿ ಪ್ರಕಟಿಸಿದಾಗ ಆ ಸಂಖ್ಯೆ 500ಕ್ಕೆ ಏರಿತು. ಮೈಸೂರು ವಿಶ್ವವಿದ್ಯಾನಿಲಯದ ಕನ್ನಡ ಅಧ್ಯಯನ ಸಂಸ್ಥೆಯು 1973ರಲ್ಲಿ ಹೊರತಂದ ಆವೃತ್ತಿಯಲ್ಲಿ ಅದು 573 ಆಯಿತು. ಕಲ್ಲುಗಳು ಹೊಸದಾಗಿ ಹುಟ್ಟಲಿಲ್ಲ. ಹುಡುಕುವ ಕಣ್ಣುಗಳು ಹೆಚ್ಚಿದುವು. ಆ ಅಕ್ಷರಗಳು ಎಂಟು ನೂರು, ಸಾವಿರ ವರ್ಷ ಯಾತ್ರಿಕರ ಪಾದದ ಕೆಳಗೇ ಇದ್ದುವು.

ಹಾಗೆಯೇ ವಿದ್ವಾನ್ ಕೆ. ಭುಜಬಲಿ ಶಾಸ್ತ್ರಿಗಳು ಮೂಡುಬಿದಿರೆ, ಕಾರ್ಕಳ ಮೊದಲಾದ ಕಡೆಯ ಭಂಡಾರಗಳ ಓಲೆಯ ಕಟ್ಟುಗಳನ್ನು ಬಿಚ್ಚಿ ನೋಡಿ ಸಿದ್ಧಪಡಿಸಿದ ಕನ್ನಡ ಪ್ರಾಂತೀಯ ತಾಡಪತ್ರೀಯ ಗ್ರಂಥಸೂಚಿ 1948ರಲ್ಲಿ ಭಾರತೀಯ ಜ್ಞಾನಪೀಠದಿಂದ ಪ್ರಕಟವಾಯಿತು. ಸೂಚಿಯೆಂಬುದು ಒಣ ಪಟ್ಟಿಯೆಂದು ಭಾವಿಸುವವರುಂಟು. ಯಾವ ಭಂಡಾರದಲ್ಲಿ ಯಾವ ಗ್ರಂಥವಿದೆಯೆಂದು ಅಚ್ಚಿನಲ್ಲಿ ಬಂದ ಮೇಲೆ ಆ ಗ್ರಂಥ ಸದ್ದಿಲ್ಲದೆ ಮಾಯವಾಗುವುದು ಸುಲಭವಲ್ಲ. ಕಾಣೆಯಾದರೂ ಕಾಣೆಯಾಯಿತೆಂಬುದಾದರೂ ತಿಳಿಯುತ್ತದೆ. ರೈಸ್ ಅವರ ಕಾಲದಲ್ಲಿ ಓದಿದ ಕೆಲವು ಶಾಸನಗಳ ಕಲ್ಲುಗಳು ಇಂದು ಸ್ಥಳದಲ್ಲಿಲ್ಲ. ಅವುಗಳ ಪಾಠ ಮಾತ್ರ ಪುಸ್ತಕದಲ್ಲಿ ಉಳಿದಿದೆ. ಓದದೆ ಹೋದ ಕಲ್ಲುಗಳ ಪಾಠವಾಗಲಿ, ಲೆಕ್ಕವಾಗಲಿ ಯಾರಲ್ಲಿಯೂ ಇಲ್ಲ.

ಬಿಂಬಗಳ ಕಳವು ಮತ್ತು ಕಾನೂನು

ಇಪ್ಪತ್ತನೆಯ ಶತಮಾನದಲ್ಲಿ ಪರಿಸ್ಥಿತಿ ಬೇರೊಂದು ರೂಪ ತಾಳಿತು. ಹಿಂದೆ ಕಳ್ಳನು ಬಸದಿಗೆ ನುಗ್ಗುತ್ತಿದ್ದುದು ಬಂಗಾರ ಬೆಳ್ಳಿಗಳಿಗಾಗಿ. ಪ್ರಾಚೀನ ಶಿಲ್ಪಗಳಿಗೆ ವಿದೇಶದ ಪೇಟೆಗಳಲ್ಲಿ ಬೆಲೆ ಬಂದ ಮೇಲೆ, ಬಿಂಬದ ಹಳಮೆಯೇ ಅದಕ್ಕೆ ಅಪಾಯವಾಯಿತು. ಎಂಟು ನೂರು ವರ್ಷ ಪೂಜೆಗೊಂಡ ಪಂಚಲೋಹದ ಚತುರ್ವಿಂಶತಿ ಬಿಂಬ ಕಳ್ಳನ ಜೋಳಿಗೆಯಲ್ಲಿ ಹಿಡಿಯುವ ಗಾತ್ರದ್ದು. ಹಲವು ಕೈಗಳನ್ನು ದಾಟಿ, ಸುಳ್ಳು ಕಾಗದಗಳೊಡನೆ ಸಮುದ್ರವನ್ನು ದಾಟಿದರೆ ಅದು ಒಂದು ಕಲಾವಸ್ತು. ಇದರ ಜೊತೆಗೆ ನಿಧಿಯ ಆಸೆಯೂ ಸೇರಿಕೊಂಡಿದೆ. ಪೀಠದ ಕೆಳಗೆ, ಮಾನಸ್ತಂಭದ ಬುಡದಲ್ಲಿ ಹೊನ್ನಿನ ಕೊಪ್ಪರಿಗೆಯಿದೆಯೆಂಬ ಮೂಢ ನಂಬಿಕೆಯಿಂದ ರಾತ್ರಿಯ ವೇಳೆ ಅಗೆದು, ಪ್ರತಿಮೆಗಳನ್ನು ಕೆಡಹುವ ನಿಧಿಗಳ್ಳರಿಂದ ಹಾಳುಬಿದ್ದ ದೇಗುಲ ಬಸದಿಗಳಿಗೆ ಆಗಿರುವ ಹಾನಿ ಅಪಾರ.

ಇದನ್ನು ತಡೆಯಲು ಶಾಸನಬದ್ಧ ಕ್ರಮಗಳೂ ಬಂದಿವೆ. ಭೂಗತ ನಿಧಿಯ ಬಗ್ಗೆ 1878ರಲ್ಲಿಯೇ ಕಾನೂನಾಗಿತ್ತು. ಸ್ಮಾರಕಗಳ ರಕ್ಷಣೆಗೆ 1904ರ ಕಾನೂನು, ಅನಂತರ 1958ರ ಕೇಂದ್ರ ಕಾನೂನು, 1961ರ ಕರ್ನಾಟಕದ ಕಾನೂನುಗಳು ಬಂದುವು. ಬಿಂಬ ಮತ್ತು ಹಸ್ತಪ್ರತಿಗಳಿಗೆ ನೇರವಾಗಿ ಸಂಬಂಧಿಸಿದುದು 1972ರಲ್ಲಿ ಅಂಗೀಕೃತವಾಗಿ 1976ರ ಏಪ್ರಿಲ್ 5ರಿಂದ ಜಾರಿಗೆ ಬಂದ ಪ್ರಾಚ್ಯವಸ್ತು ಮತ್ತು ಕಲಾನಿಧಿಗಳ ಕಾನೂನು. ಇದರ ಪ್ರಕಾರ ನೂರು ವರ್ಷಗಳಿಗೆ ಕಡಿಮೆಯಿಲ್ಲದ ಶಿಲ್ಪ ಮುಂತಾದುವೂ, ಐತಿಹಾಸಿಕ ಸಾಹಿತ್ಯಿಕ ಮಹತ್ತ್ವದ, ಎಪ್ಪತ್ತೈದು ವರ್ಷಗಳಿಗೆ ಕಡಿಮೆಯಿಲ್ಲದ ಹಸ್ತಪ್ರತಿಗಳೂ ಪ್ರಾಚ್ಯವಸ್ತುಗಳು. ಖಾಸಗಿಯವರು ಇವನ್ನು ಹೊರದೇಶಕ್ಕೆ ಸಾಗಿಸುವುದು ಅಪರಾಧ. ಸರ್ಕಾರ ಗೊತ್ತುಪಡಿಸಿದ ಬಗೆಯ ಶಿಲ್ಪಗಳನ್ನೂ ಸಚಿತ್ರ ಹಸ್ತಪ್ರತಿಗಳನ್ನೂ ಛಾಯಾಚಿತ್ರಸಹಿತ ನೋಂದಾಯಿಸಿ ಪ್ರಮಾಣಪತ್ರ ಪಡೆಯಬೇಕು. ನೋಂದಣಿ ಮಾಡಿಸಿದರೆ ಬಿಂಬವನ್ನು ಸರ್ಕಾರ ಕೊಂಡೊಯ್ದೀತೆಂಬ ಅಂಜಿಕೆ ಕೆಲವು ಕಡೆ ಉಂಟು. ನೋಂದಣಿಯ ಮಾತ್ರದಿಂದ ಒಡೆತನವಾಗಲಿ ಪೂಜಾಕ್ರಮವಾಗಲಿ ಬದಲಾಗುವುದಿಲ್ಲ. ಅದು ಬಿಂಬಕ್ಕೆ ದೊರೆಯುವ ಗುರುತಿನ ಚೀಟಿ.

ಆ ಗುರುತಿನ ಬೆಲೆಯನ್ನು ತಮಿಳುನಾಡಿನ ಎರಡು ಪ್ರಕರಣಗಳು ಸ್ಪಷ್ಟಪಡಿಸುತ್ತವೆ. ಅವು ಶೈವ ದೇವಾಲಯಗಳಿಗೆ ಸಂಬಂಧಿಸಿದುವಾದರೂ ಪಾಠ ಎಲ್ಲರಿಗೂ ಸಮಾನ. ಪತ್ತೂರಿನಲ್ಲಿ 1976ರಲ್ಲಿ ಭೂಮಿಯಲ್ಲಿ ಸಿಕ್ಕ ನಟರಾಜನ ಕಂಚಿನ ಮೂರ್ತಿ ಲಂಡನ್ ತಲುಪಿತು. ಅದು ಆ ಊರಿನದೇ ಎಂದು ಸಾಧಿಸಲು ತಜ್ಞರು ಮೂರ್ತಿಗೆ ಅಂಟಿದ್ದ ಮಣ್ಣನ್ನೂ ಗೆದ್ದಲಿನ ಗುರುತನ್ನೂ ಪರೀಕ್ಷಿಸಬೇಕಾಯಿತು. ಇಂಗ್ಲೆಂಡಿನ ನ್ಯಾಯಾಲಯಗಳಲ್ಲಿ ದೀರ್ಘ ವ್ಯಾಜ್ಯ ನಡೆದು, 1991ರಲ್ಲಿ ಮೂರ್ತಿ ಸ್ವದೇಶಕ್ಕೆ ಮರಳಿತು. ಶ್ರೀಪುರಂತಾನ್ ದೇವಾಲಯದ ನಟರಾಜನನ್ನು ಆಸ್ಟ್ರೇಲಿಯದ ರಾಷ್ಟ್ರೀಯ ಕಲಾಸಂಗ್ರಹಾಲಯ 2008ರಲ್ಲಿ ಸುಮಾರು 50 ಲಕ್ಷ ಡಾಲರ್ ಕೊಟ್ಟು ಕೊಂಡಿತ್ತು. ಆದರೆ ಪುದುಚೇರಿಯ ಫ್ರೆಂಚ್ ಸಂಸ್ಥೆಯವರು 1994ರಲ್ಲಿ ಅದೇ ಮೂರ್ತಿಯನ್ನು ಆ ದೇವಾಲಯದಲ್ಲಿಯೇ ಛಾಯಾಚಿತ್ರ ತೆಗೆದಿಟ್ಟಿದ್ದರು. ಆ ಚಿತ್ರದ ಮುಂದೆ ಮಾರಾಟಗಾರರ ಕಾಗದಪತ್ರಗಳು ನಿಲ್ಲಲಿಲ್ಲ. 2014ರಲ್ಲಿ ಮೂರ್ತಿ ಮರಳಿ ಬಂದಿತು. ಒಂದೇ ಒಂದು ಛಾಯಾಚಿತ್ರ ಇಷ್ಟು ದೊಡ್ಡ ಕಾರ್ಯವನ್ನು ಸಾಧಿಸಿತು.

2021ರಲ್ಲಿ ಅಮೆರಿಕ ಭಾರತಕ್ಕೆ ಹಿಂದಿರುಗಿಸಿದ 157 ಪ್ರಾಚ್ಯವಸ್ತುಗಳಲ್ಲಿ 9 ಜೈನ ಪರಂಪರೆಯ ಮೂರ್ತಿಗಳು. ಮೂರ್ತಿಯು ದೇಶಕ್ಕೆ ಮರಳುವುದು ಒಂದು ಭಾಗ್ಯ. ತಾನು ಹೊರಟ ಗರ್ಭಗೃಹಕ್ಕೆ ಮರಳುವುದು ಬೇರೊಂದು ಭಾಗ್ಯ. ಈ ಎರಡನೆಯದು ದೊರೆಯಬೇಕಾದರೆ, ಇದು ಇಂಥ ಊರಿನ ಇಂಥ ಬಸದಿಯದೆಂದು ತೋರಿಸುವ ದಾಖಲೆ ಆ ಊರಿನಲ್ಲಿರಬೇಕು.

ಕರ್ನಾಟಕದ ಜೈನಸಮಾಜಕ್ಕೆ ಈ ಆತಂಕ ದೂರದ ಸುದ್ದಿಯಾಗಿ ಉಳಿಯಲಿಲ್ಲ. 2013ರ ಜುಲೈಯಲ್ಲಿ ಮೂಡುಬಿದಿರೆಯ ಸಿದ್ಧಾಂತ ಬಸದಿಯಿಂದಲೇ ಅಮೂಲ್ಯ ಜಿನಬಿಂಬಗಳು ಕಳವಾದುವು. ಸಿದ್ಧಾಂತ ಗ್ರಂಥಗಳನ್ನು ಶತಮಾನಗಳ ಕಾಲ ಕಾಪಾಡಿದ ಅದೇ ಸ್ಥಳದಲ್ಲಿ ನಡೆದ ಈ ಕೃತ್ಯ ಸಮಸ್ತ ಸಮಾಜವನ್ನು ದುಃಖಕ್ಕೀಡುಮಾಡಿತು. ಪೊಲೀಸರು ತನಿಖೆ ನಡೆಸಿ ಆರೋಪಿಗಳನ್ನು ಬಂಧಿಸಿ, ಹಲವು ಬಿಂಬಗಳನ್ನು ಪತ್ತೆಹಚ್ಚಿದರು. ಸಿದ್ಧಾಂತ ದರ್ಶನದ ಬಿಂಬಗಳು ನಾಡಿನ ನಾನಾ ಕಡೆಯ ಯಾತ್ರಿಕರು ಕಣ್ತುಂಬ ಕಂಡವು. ಇಂಥವು ಕಾಣೆಯಾದರೆ ಗುರುತು ಹೇಳಬಲ್ಲವರು ಊರೂರಿನಲ್ಲಿಯೂ ಸಿಗುತ್ತಾರೆ. ವೃದ್ಧ ಇಂದ್ರರೊಬ್ಬರು ಮಾತ್ರ ದಿನನಿತ್ಯ ಅಭಿಷೇಕ ಮಾಡುವ ಮೂಲೆಯ ಹಳ್ಳಿಯ ಬಸದಿಯ ಬಿಂಬ ಕಳವಾದರೆ, ಅದು ಎಷ್ಟು ಎತ್ತರವಿತ್ತು, ಪೀಠದ ಮೇಲೆ ಏನು ಬರೆದಿತ್ತು ಎಂದು ಹೇಳುವವರು ಯಾರು?

ಭಕ್ತಿಯಿಂದಲೇ ಆಗುವ ಹಾನಿ

ಹೇಳಲು ಕಷ್ಟವಾದರೂ ಹೇಳಲೇಬೇಕಾದ ವಿಷಯವೊಂದುಂಟು. ಕಳ್ಳನಿಂದ ಆದ ಹಾನಿಯನ್ನು ಸಮಾಜ ಕಣ್ಣೀರಿನಿಂದ ನೆನೆಯುತ್ತದೆ. ಜೀರ್ಣೋದ್ಧಾರದ ಹೆಸರಿನಲ್ಲಿ, ಶ್ರದ್ಧೆಯಿಂದಲೇ ಆಗುವ ಹಾನಿಯನ್ನು ಸನ್ಮಾನಿಸಿ ಹಾರ ಹಾಕುತ್ತದೆ. ಹಳೆಯ ಬಸದಿಯ ಕಂಬಗಳಿಗೆ ಎಣ್ಣೆಬಣ್ಣ ಬಳಿದಾಗ ಅದರ ಕೆಳಗೆ ಶಿಲ್ಪಿಯ ಉಳಿಯ ನಯ ಮುಚ್ಚಿಹೋಗುತ್ತದೆ. ನೆಲಕ್ಕೆ ನುಣುಪಾದ ಹೊಸ ಹಾಸುಗಲ್ಲನ್ನು ಹೊದಿಸುವಾಗ ಬರಹವುಳ್ಳ ಹಳೆಯ ಚಪ್ಪಡಿ ಮಗುಚಿ ಬೀಳುತ್ತದೆ, ಇಲ್ಲವೆ ಹೊರಗೆ ಹೋಗಿ ಬಟ್ಟೆ ಒಗೆಯುವ ಕಲ್ಲಾಗುತ್ತದೆ. ಸಲ್ಲೇಖನ ವ್ರತದಿಂದ ಮುಡಿಪಿದ ಮುನಿಗಳ, ಶ್ರಾವಕಿಯರ ನೆನಪಿಗೆ ನಿಲ್ಲಿಸಿದ ನಿಷಿಧಿಗಲ್ಲು ಹಿತ್ತಿಲಗೋಡೆಯಲ್ಲಿ ಸೇರಿಹೋಗುತ್ತದೆ. ಗಾರೆಯ ಕಟ್ಟಡಕ್ಕೆ ಸಿಮೆಂಟನ್ನು ಮೆತ್ತಿದರೆ ಒಳಗಿನ ತೇವ ಹೊರಬರಲಾರದೆ ಹಳೆಯ ಗೋಡೆ ಒಳಗೊಳಗೇ ಸಡಿಲವಾಗುತ್ತದೆ.

ಲೋಹದ ಬಿಂಬಗಳ ವಿಷಯವೂ ಹೀಗೆಯೇ. ಹುಣಿಸೆಹುಳಿಯಿಂದ, ಇಟ್ಟಿಗೆಪುಡಿಯಿಂದ ವರ್ಷ ವರ್ಷ ಉಜ್ಜಿ ಹೊಳಪು ಬರಿಸುವಾಗ ಪೀಠದ ಹಿಂಬದಿಯ ಅಕ್ಷರಗಳು ಸವೆದುಹೋಗುತ್ತವೆ. ಆ ಅಕ್ಷರಗಳಲ್ಲಿ ಬಿಂಬವನ್ನು ಮಾಡಿಸಿದ ಶ್ರಾವಿಕೆಯ ಹೆಸರು, ಗುರುವಿನ ಹೆಸರು, ಗಣಗಚ್ಛಗಳ ಹೆಸರು ಇರಬಹುದು. ಆ ವಂಶದ ನೆನಪಾಗಿ ಉಳಿದಿರುವುದು ಅದೊಂದೇ ಇರಬಹುದು. ಭಗ್ನಬಿಂಬ ಪೂಜಾರ್ಹವಲ್ಲವೆಂದು ಬಾವಿಗೋ ಕೆರೆಗೋ ವಿಸರ್ಜಿಸುವ ರೂಢಿ ಹಿಂದಿನಿಂದ ಬಂದಿದೆ. ಪೂಜೆಯಿಂದ ನಿವೃತ್ತವಾದ ಬಿಂಬ ಇತಿಹಾಸದಿಂದ ನಿವೃತ್ತವಾಗಬೇಕಾಗಿಲ್ಲ. ಅದನ್ನು ಗೌರವಪೂರ್ವಕವಾಗಿ ಕ್ಷೇತ್ರದ ಸಂಗ್ರಹಾಲಯದಲ್ಲಿರಿಸುವುದು ಶಾಸ್ತ್ರಕ್ಕೂ ವಿರೋಧವಲ್ಲ, ಸಮಾಜಕ್ಕೂ ಹಿತ. ಹುಳು ತಿಂದ ಓಲೆಯ ಕಟ್ಟನ್ನು ಹೊಳೆಗೆ ಬಿಡುವ ಬದಲು, ಮೂಡುಬಿದಿರೆಯ ರಮಾರಾಣಿ ಜೈನ ಶೋಧ ಸಂಸ್ಥಾನವಾಗಲಿ, ಶ್ರವಣಬೆಳಗೊಳದ ಪ್ರಾಕೃತ ಅಧ್ಯಯನ ಸಂಸ್ಥೆಯಾಗಲಿ ಅದನ್ನು ಪರಿಶೀಲಿಸುವಂತೆ ಮಾಡುವುದು ಶ್ರುತಸೇವೆ. ಪೊನ್ನನ ಲುಪ್ತಕಾವ್ಯದ ಒಂದು ಓಲೆ ಯಾವ ಮನೆಯ ಅಟ್ಟದ ಮೇಲಿದೆಯೋ ಬಲ್ಲವರಾರು?

ಜೀರ್ಣೋದ್ಧಾರವೆಂಬ ಪದದಲ್ಲಿ ಉದ್ಧರಿಸಬೇಕಾದುದು ಜೀರ್ಣವಾದುದನ್ನೇ. ಅದನ್ನು ತೆಗೆದುಹಾಕಿ ಹೊಸತನ್ನು ನಿಲ್ಲಿಸುವುದು ಆ ಪದಕ್ಕೆ ಸಲ್ಲುವ ಅರ್ಥವಲ್ಲ. ಗಂಗವಾಡಿಯ ಬಸದಿಗಳನ್ನೆಲ್ಲ ಉದ್ಧರಿಸಿ ಅದನ್ನು ಕೊಪಣದಂತೆ ಬೆಳಗಿಸಿದನೆಂದು ಶಾಸನಗಳು ಗಂಗರಾಜನನ್ನು ಹೊಗಳಿವೆ. ಈ ಕಾಲದಲ್ಲಿಯೂ ಅದಕ್ಕೆ ಮೇಲ್ಪಂಕ್ತಿಯಿಲ್ಲದೆ ಇಲ್ಲ. 1991ರಲ್ಲಿ ಆರಂಭವಾದ ಧರ್ಮಸ್ಥಳ ಮಂಜುನಾಥೇಶ್ವರ ಧರ್ಮೋತ್ಥಾನ ಟ್ರಸ್ಟ್ ರಾಜ್ಯದ ಪುರಾತತ್ತ್ವ ಇಲಾಖೆಯ ಸಹಕಾರದಿಂದ, ಹಳೆಯ ಕಲ್ಲನ್ನೇ ಮತ್ತೆ ಅದರ ಸ್ಥಾನದಲ್ಲಿ ಕೂಡಿಸಿ, ಅನೇಕ ಪ್ರಾಚೀನ ದೇವಾಲಯ ಬಸದಿಗಳನ್ನು ಎತ್ತಿ ನಿಲ್ಲಿಸಿದೆ. ಧರ್ಮಸ್ಥಳದ ಮಂಜೂಷಾ ವಸ್ತುಸಂಗ್ರಹಾಲಯ, ಬಳಕೆ ತಪ್ಪಿದ ಹಳೆಯ ವಸ್ತುಗಳಿಗೂ ಗೌರವದ ಸ್ಥಾನವುಂಟೆಂಬುದನ್ನು ತೋರಿಸಿಕೊಟ್ಟಿದೆ.

ಶ್ರಾವಕರಿಲ್ಲದ ಊರಿನ ಬಸದಿಗಳು

ಇವೆಲ್ಲಕ್ಕಿಂತ ಹೆಚ್ಚು ಚಿಂತೆಗೆ ಎಡೆಮಾಡುವುವು ಜೈನರ ಮನೆಗಳೇ ಉಳಿಯದ ಊರುಗಳ ಬಸದಿಗಳು. ಶರಾವತಿಯ ದಡದ ಗೇರುಸೊಪ್ಪೆ ಒಂದು ಕಾಲಕ್ಕೆ ಕಾಳುಮೆಣಸಿನ ವ್ಯಾಪಾರದಿಂದ ಮೆರೆದ ಜೈನ ರಾಜಧಾನಿ, ರಾಣಿ ಚೆನ್ನಭೈರಾದೇವಿಯ ನಗರ. ಇಂದು ಅಲ್ಲಿ ನಗರವಿಲ್ಲ. ಕಾಡಿನ ನಡುವೆ ನಾಲ್ಕು ದಿಕ್ಕಿಗೂ ಬಾಗಿಲುಳ್ಳ ಚತುರ್ಮುಖ ಬಸದಿ ನಿಂತಿದೆ. ಅದು ಪುರಾತತ್ತ್ವ ಇಲಾಖೆಯ ರಕ್ಷಣೆಗೆ ಒಳಪಟ್ಟಿರುವುದರಿಂದ ಉಳಿದಿದೆ. ಇಲಾಖೆಯ ಪಟ್ಟಿಗೂ ಸೇರದ, ಶ್ರಾವಕರೂ ಇಲ್ಲದ ಬಸದಿಗಳಿಗೆ ಗಿಡಗಂಟಿಗಳೇ ಮಾಡು, ನಿಧಿಗಳ್ಳರೇ ಅತಿಥಿಗಳು.

ಆದರೂ ಅಂತಹ ಹಲವು ಊರುಗಳಲ್ಲಿ ಜಿನಬಿಂಬ ಇಂದಿಗೂ ಉಳಿದಿದ್ದರೆ ಅದಕ್ಕೆ ಕಾರಣ ಇತರ ಮತದ ಗ್ರಾಮಸ್ಥರು. ಅವರು ಆ ಮೂರ್ತಿಯನ್ನು ತಮಗೆ ತಿಳಿದ ಹೆಸರಿನಿಂದ ಕರೆದು, ಹಬ್ಬದಂದು ದೀಪ ಹಚ್ಚಿ, ಅಪರಿಚಿತರು ಬಂದರೆ ವಿಚಾರಿಸುತ್ತಾರೆ. 1368ರಲ್ಲಿ ವೈಷ್ಣವರು ನೇಮಿಸಿದ ಇಪ್ಪತ್ತು ಮಂದಿ ಕಾವಲುಗಾರರ ಸಂತತಿ ಹೀಗೆ ಹೆಸರಿಲ್ಲದೆ ಮುಂದುವರಿದಿದೆಯೆನ್ನಬಹುದು. ಅಂತಹ ಗ್ರಾಮಸ್ಥರನ್ನು ಪ್ರತಿಷ್ಠೆ, ರಥೋತ್ಸವಗಳಿಗೆ ಆಹ್ವಾನಿಸಿ ತಾಂಬೂಲವಿತ್ತು ಗೌರವಿಸುವುದು ಸಮಾಜದ ಕರ್ತವ್ಯ. ಬಸದಿಯ ಮಹತ್ತ್ವವನ್ನು ಅವರ ಶಾಲೆಯ ಮಕ್ಕಳಿಗೆ ತಿಳಿಸುವುದು ಬಾಗಿಲಿಗೆ ಇನ್ನೊಂದು ಬೀಗವನ್ನು ಹಾಕುವುದಕ್ಕಿಂತ ಬಲವಾದ ರಕ್ಷಣೆ.

ಪ್ರತಿಷ್ಠೆಯ ಜೊತೆಗೊಂದು ದಾಖಲೆ ಪುಸ್ತಕ

ಈ ದಿಕ್ಕಿನಲ್ಲಿ ಮಾಡಬೇಕಾದ ಕಾರ್ಯಕ್ಕೆ ಅಪಾರ ಧನವೇನೂ ಬೇಕಾಗಿಲ್ಲ. ಪ್ರತಿಯೊಂದು ಬಸದಿಯಲ್ಲಿಯೂ ಒಂದು ದಾಖಲೆ ಪುಸ್ತಕವಿರಬೇಕು. ಅದರಲ್ಲಿ ಪ್ರತಿ ಬಿಂಬದ ನಾಲ್ಕು ಮಗ್ಗುಲ ಛಾಯಾಚಿತ್ರ, ಎತ್ತರ, ತೂಕ, ಶಿಲೆ ಅಥವಾ ಲೋಹ, ಲಾಂಛನ, ಯಕ್ಷಯಕ್ಷಿಯರ ವಿವರ, ಪೀಠದ ಬರಹ ಇವಿಷ್ಟೂ ನಮೂದಾಗಬೇಕು. ಬೆರಳಿನ ತುದಿ ಮುರಿದಿರುವುದು, ಪ್ರಭಾವಳಿಯಲ್ಲಿ ಬಿರುಕಿರುವುದು ಮುಂತಾದ ಊನಗಳನ್ನು ಮರೆಮಾಡದೆ ಬರೆಯಬೇಕು. ಕಳವಾದ ಬಿಂಬವನ್ನು ಗುರುತಿಸಲು ಅಂತಹ ಊನಗಳೇ ಮುಖ್ಯ ಸಾಕ್ಷ್ಯ. ಪುಸ್ತಕದ ಒಂದು ಪ್ರತಿ ಬಸದಿಯಲ್ಲಿ, ಒಂದು ಮಠದಲ್ಲಿ, ಒಂದು ಆಡಳಿತ ಸಮಿತಿಯ ಹಿರಿಯರಲ್ಲಿ ಇದ್ದರೆ ಲೇಸು. ನೋಂದಾಯಿಸಬೇಕಾದ ಬಿಂಬಗಳಿಗೆ ಕಾನೂನಿನಂತೆ ನೋಂದಣಿ ಆಗಬೇಕು. ಸುಣ್ಣ ಬಣ್ಣ, ನೆಲಹಾಸುಗಳ ಕೆಲಸ ಆರಂಭವಾಗುವ ಮುನ್ನ ಶಾಸನ ಬಲ್ಲವರನ್ನು ಕರೆಯಿಸಿ ಕಲ್ಲುಗಳ ಪಡಿಯಚ್ಚು ತೆಗೆಯಿಸಬೇಕು. ಓಲೆಯ ಕಟ್ಟುಗಳನ್ನು ವರ್ಷಕ್ಕೊಮ್ಮೆ ಶ್ರುತಪಂಚಮಿಯಂದಾದರೂ ಬಿಚ್ಚಿ, ಧೂಳು ತೆಗೆದು ನೋಡಬೇಕು. ಶ್ರುತಪೂಜೆಯ ದಿನ ಗ್ರಂಥಗಳನ್ನು ಹೊರತೆಗೆದು ಶುದ್ಧಗೊಳಿಸುವ ಪದ್ಧತಿಯಲ್ಲಿ ಹಿರಿಯರು ಇಟ್ಟಿದ್ದ ವಿವೇಕ ಇದೇ.

ಪ್ರತಿಷ್ಠೆಯ ಕಾಲದಲ್ಲಿ ಬಿಂಬಕ್ಕೆ ನಯನೋನ್ಮೀಲನ ನಡೆಯುತ್ತದೆ. ಆ ಕ್ಷಣದಿಂದ ಬಿಂಬವು ಸಮಾಜವನ್ನು ನೋಡುತ್ತದೆಂಬುದು ಶ್ರದ್ಧೆ. ಸಮಾಜವೂ ಬಿಂಬವನ್ನು ಮರೆಯದೆ ನೋಡಿಕೊಳ್ಳುತ್ತಿರಬೇಕೆಂಬುದು ಅದರ ಇನ್ನೊಂದು ಮುಖ. ಇಂದು ಪ್ರತಿಷ್ಠಿತವಾಗುವ ನೂತನ ಬಿಂಬವೂ ನೂರು ವರ್ಷಗಳ ಅನಂತರ ಪ್ರಾಚ್ಯವಸ್ತುವೇ. ಅದರ ದಾಖಲೆಯ ಮೊದಲ ಪುಟವನ್ನು ಬರೆಯಲು ಪ್ರತಿಷ್ಠೆಯ ದಿನಕ್ಕಿಂತ ಯೋಗ್ಯವಾದ ಮುಹೂರ್ತವಿಲ್ಲ. ಎಲ್ಲರಿಗೂ ಚಾವುಂಡರಾಯನಂತೆ ಮೂರ್ತಿಯನ್ನು ನಿಲ್ಲಿಸುವ ಪುಣ್ಯ ಒದಗದು. ಗಂಗರಾಜನಂತೆ ಇದ್ದುದಕ್ಕೆ ಸುತ್ತಾಲಯವಾಗಿ ನಿಲ್ಲುವ ಪುಣ್ಯ ಎಲ್ಲ ಊರಿನ ಎಲ್ಲ ಶ್ರಾವಕ ಶ್ರಾವಿಕೆಯರಿಗೂ ತೆರೆದಿದೆ. ಸ್ವಾಮಿಯ ಪಾದಮೂಲದಲ್ಲಿ ಆ ಎರಡು ಹೆಸರುಗಳೂ ಇಂದಿಗೂ ಜೊತೆಜೊತೆಯಾಗಿಯೇ ಇವೆ.